ನೆರಳು ಕಲಿಸುವ ಪಾಠ

ಲ್ಹಾಸಾದ ಪೊಟಾಲಾ ಅರಮನೆಯಲ್ಲಿ ಹದಿಮೂರನೆಯ ದಲಾಯಿ ಲಾಮಾ ಅವರಿಗೆ ಸೇರಿದ ಒಂದು ಹಿತ್ತಾಳೆಯ ದುರ್ಬೀನು ಇತ್ತು. ಅವರ ತರುವಾಯ ಅದು ಈಗಿನ ಹದಿನಾಲ್ಕನೆಯ ದಲಾಯಿ ಲಾಮಾ ಅವರ ಕೈ ಸೇರಿತು. ಆಗ ಅವರಿನ್ನೂ ಪಾಠ ಓದುವ ಹುಡುಗ. ಹಗಲು ಹೊತ್ತು ಆ ದುರ್ಬೀನಿನಿಂದ ಅರಮನೆಯ ಕೆಳಗಿನ ಊರನ್ನು ನೋಡುತ್ತಿದ್ದರು. ಒಂದು ರಾತ್ರಿ ಅದನ್ನು ಚಂದ್ರನ ಕಡೆ ತಿರುಗಿಸಿದರು. ಚಂದ್ರನ ಮೈಮೇಲೆ ಬೆಟ್ಟಗಳು ಕಂಡವು. ಬೆಟ್ಟಗಳ ಮಗ್ಗುಲಲ್ಲಿ ನೆರಳು ಕಂಡಿತು. ಅವರು ಕಲಿಯುತ್ತಿದ್ದ ಶಾಸ್ತ್ರಗ್ರಂಥಗಳ ಪ್ರಕಾರ ಚಂದ್ರ ತನ್ನದೇ ಬೆಳಕಿನಿಂದ ಬೆಳಗುವವನು. ಹಾಗಿದ್ದ ಮೇಲೆ ಅವನ ಮೇಲೆ ನೆರಳು ಬೀಳುವುದೆಂತು? ಉರಿಯುವ ದೀಪದ ಕುಡಿಯ ಮೇಲೆ ಯಾರಾದರೂ ನೆರಳು ಕಂಡದ್ದುಂಟೆ? ಹುಡುಗ ತನ್ನ ಗುರುಗಳನ್ನು ಕರೆದು ತೋರಿಸಿದ. ಅವರೂ ಕಣ್ಣಿಟ್ಟು ನೋಡಿದರು. ನೆರಳಿರುವುದು ನಿಜವೆಂದು ಒಪ್ಪಿದರು.

2005ರಲ್ಲಿ ಪ್ರಕಟವಾದ ತಮ್ಮ ಪುಸ್ತಕವೊಂದರಲ್ಲಿ ದಲಾಯಿ ಲಾಮಾ ಅವರೇ ಹೇಳಿಕೊಂಡ ಪ್ರಸಂಗ ಇದು. ಇದರಲ್ಲಿ ಹುಡುಗನ ಕುತೂಹಲದಷ್ಟೇ ದೊಡ್ಡದು ಗುರುಗಳ ನಡೆ. ಶಾಸ್ತ್ರವನ್ನು ಜೀವಮಾನವೆಲ್ಲ ಓದಿದ ಹಿರಿಯರು ಅವರು. 'ಗ್ರಂಥದಲ್ಲಿ ಹೀಗಿಲ್ಲ, ದುರ್ಬೀನು ಒಳಗಿಡು' ಎಂದು ಗದರಬಹುದಿತ್ತು. ಗದರಲಿಲ್ಲ. ಬಗ್ಗಿ ನೋಡಿದರು. ಕಿರಿಯರು ತೋರಿಸಿದ್ದನ್ನು ಹಿರಿಯರು ಬಗ್ಗಿ ನೋಡುವ ಮನೆಯಲ್ಲಿ ಮಾತ್ರ ತಿಳಿವಳಿಕೆ ಬೆಳೆಯುತ್ತದೆ.

ಲ್ಹಾಸಾದ ಈ ಕಥೆ ನಮ್ಮ ಉತ್ತರ ಕನ್ನಡ ಜಿಲ್ಲೆಗೆ ದೂರದ್ದೇನೂ ಅಲ್ಲ. 1966ರಲ್ಲಿ ಮುಂಡಗೋಡದ ಹತ್ತಿರ ಟಿಬೆಟನ್ ನಿರಾಶ್ರಿತರ ನೆಲೆ ಆರಂಭವಾಯಿತು. ಕಾಡು ಕಡಿದು, ಜೋಳ ಭತ್ತ ಬೆಳೆದು ಅವರು ಇಲ್ಲಿ ಊರು ಕಟ್ಟಿಕೊಂಡರು. ಲ್ಹಾಸಾದ ಸಮೀಪ 1409ರಲ್ಲಿ ಹುಟ್ಟಿದ ಗಾಂದೆನ್ ಮಠ, 1416ರಲ್ಲಿ ಹುಟ್ಟಿದ ದ್ರೆಪುಂಗ್ ಮಠ ಎರಡೂ ಇದೇ ಮಣ್ಣಿನಲ್ಲಿ ಮತ್ತೆ ತಲೆಯೆತ್ತಿದವು. 2012ರಲ್ಲಿ ಈ ಮಠಗಳ ಪಂಥದ ಹಿರಿಯರು ಸೇರಿ, ಭಿಕ್ಷುಗಳ ಪಠ್ಯದಲ್ಲಿ ಆಧುನಿಕ ವಿಜ್ಞಾನಕ್ಕೂ ಜಾಗ ಕೊಡಬೇಕೆಂದು ತೀರ್ಮಾನಿಸಿದರು. ಆರು ಶತಮಾನಗಳಿಂದ ಸಾಗಿಬಂದ ಪಾಠಕ್ರಮಕ್ಕೆ ಅದು ಸಣ್ಣ ಸೇರ್ಪಡೆಯಲ್ಲ. 2014ರಿಂದ ಅಮೆರಿಕದ ಎಮೊರಿ ವಿಶ್ವವಿದ್ಯಾಲಯದ ಅಧ್ಯಾಪಕರು ಬೇಸಿಗೆಯಲ್ಲಿ ಬಂದು ಮುಂಡಗೋಡದ ಈ ಮಠಗಳಲ್ಲಿ, ಬೈಲಕುಪ್ಪೆಯ ಸೆರಾ ಮಠದಲ್ಲಿ ಭೌತಶಾಸ್ತ್ರ, ಜೀವಶಾಸ್ತ್ರ, ನರವಿಜ್ಞಾನ ಹೇಳಿಕೊಡತೊಡಗಿದರು. ಟಿಬೆಟನ್ ಭಾಷೆಯಲ್ಲೇ ವಿಜ್ಞಾನದ ಪಠ್ಯಪುಸ್ತಕಗಳು ತಯಾರಾದವು. ಅದಕ್ಕೂ ಮುನ್ನ, 2013ರ ಜನವರಿಯಲ್ಲಿ, ದ್ರೆಪುಂಗ್ ಮಠದಲ್ಲಿ ವಿಜ್ಞಾನಿಗಳೂ ಭಿಕ್ಷುಗಳೂ ಎದುರುಬದುರು ಕುಳಿತು ದಿನಗಟ್ಟಲೆ ಚರ್ಚಿಸಿದರು. ಪೊಟಾಲಾದ ಮಾಳಿಗೆಯಲ್ಲಿ ಒಬ್ಬ ಹುಡುಗನಿಗೆ ಎದ್ದ ಪ್ರಶ್ನೆ, ಅರವತ್ತು ಎಪ್ಪತ್ತು ವರ್ಷಗಳ ತರುವಾಯ ಮುಂಡಗೋಡದ ತರಗತಿಯಲ್ಲಿ ಪಾಠವಾಯಿತು.

ಆ ಭಿಕ್ಷುಗಳು ಬಿಟ್ಟುಕೊಡಬೇಕಾದದ್ದು ಏನೆಂದು ತಿಳಿದರೆ ಅವರ ಧೈರ್ಯ ಅರ್ಥವಾದೀತು. ಅವರ ಶಾಸ್ತ್ರಗ್ರಂಥವಾದ ವಸುಬಂಧುವಿನ ಅಭಿಧರ್ಮಕೋಶ ಹೇಳುವ ವಿಶ್ವದ ನಡುವೆ ಮೇರು ಪರ್ವತವಿದೆ. ಅದರ ಸುತ್ತ ಕಡಲು, ನಾಲ್ಕು ದಿಕ್ಕಿಗೆ ನಾಲ್ಕು ಮಹಾದ್ವೀಪ. ಸೂರ್ಯ ಚಂದ್ರರು ಮೇರುವನ್ನೇ ಸುತ್ತುತ್ತಾರೆ. ದಕ್ಷಿಣದ ದ್ವೀಪ ಜಂಬೂದ್ವೀಪ; ಮನುಷ್ಯರಾದ ನಮ್ಮ ವಾಸ ಅಲ್ಲಿ. ಈ ಚಿತ್ರ ನಮಗೂ ಹೊಸದಲ್ಲ. ನಮ್ಮ ಮನೆಗಳಲ್ಲಿ ಪೂಜೆಗೆ ಕುಳಿತಾಗ ಪುರೋಹಿತರು ಹೇಳಿಸುವ ಸಂಕಲ್ಪದಲ್ಲಿ ನಾವಿರುವ ಜಾಗ ಜಂಬೂದ್ವೀಪ, ಮೇರುವಿನ ದಕ್ಷಿಣ ಪಾರ್ಶ್ವ. ಜೈನರ ಲೋಕಚಿತ್ರದಲ್ಲೂ ನಟ್ಟನಡುವೆ ಮೇರುವೇ. ಹಿಮಾಲಯ ದಾಟಿ ಬಂದ ಲಾಮಾಗೂ ಮುಂಡಗೋಡದ ಅಡಕೆ ತೋಟದ ಯಜಮಾನರಿಗೂ ಪರಂಪರೆ ಕೊಟ್ಟ ವಿಳಾಸ ಒಂದೇ.

ಆ ಹಳೆಯ ಚಿತ್ರವನ್ನು ಹಂಗಿಸುವುದು ಬೇಡ. ದುರ್ಬೀನಿಲ್ಲದ ಕಾಲದಲ್ಲಿ, ಬರಿಗಣ್ಣಿಗೆ ಕಂಡದ್ದನ್ನೂ ಮನಸ್ಸು ಬಯಸಿದ್ದನ್ನೂ ಸೇರಿಸಿ ನಮ್ಮ ಹಿರಿಯರು ವಿಶ್ವಕ್ಕೊಂದು ಆಕಾರ ಕೊಟ್ಟರು. ಇಷ್ಟು ವಿಶಾಲ ಲೋಕದಲ್ಲಿ ತಾನೊಂದು ಪುಟ್ಟ ಜಾಗದಲ್ಲಿ ಕುಳಿತಿದ್ದೇನೆಂಬ ವಿನಯ ಆ ಸಂಕಲ್ಪದಲ್ಲಿದೆ. ಆ ವಿನಯ ಉಳಿಯಬೇಕು. ತಿದ್ದಬೇಕಾದದ್ದು ನಕ್ಷೆಯನ್ನು. ದಲಾಯಿ ಲಾಮಾ ಅವರ ನಿಲುವೂ ಇದೇ: ಪ್ರತ್ಯಕ್ಷ ಪರೀಕ್ಷೆಗೆ ನಿಲ್ಲದ ಮೇರುಕೇಂದ್ರಿತ ಲೋಕವಿವರಣೆಯನ್ನು ಬಿಡಬೇಕು, ಕರುಣೆ, ಸಂಯಮ, ದುಃಖದ ಕಾರಣವನ್ನು ಹುಡುಕುವ ಸಾಧನೆ ಇವು ಮೇರುವಿನ ಮೇಲೆ ನಿಂತಿಲ್ಲವಾದ್ದರಿಂದ ಅವಕ್ಕೇನೂ ಕೊರೆಯಾಗದು. ಅಕ್ಕಸಾಲಿಗನು ಚಿನ್ನವನ್ನು ಕಾಯಿಸಿ, ಕತ್ತರಿಸಿ, ಒರೆಗೆ ಹಚ್ಚಿ ನೋಡುವಂತೆ ತನ್ನ ಮಾತನ್ನೂ ನೋಡಿ ಒಪ್ಪಬೇಕೆಂದು ಬುದ್ಧನೇ ಶಿಷ್ಯರಿಗೆ ಹೇಳಿದನೆಂಬುದು ಅವರ ಪರಂಪರೆಯ ನಂಬಿಕೆ.

ಮುಂಡಗೋಡದ ಮಠಗಳ ಅಂಗಳದಲ್ಲಿ ಸಂಜೆ ನಡೆಯುವ ವಾದವನ್ನು ಕಂಡವರಿಗೆ ಈ ಮಾತು ಬರಿಯ ಮಾತಲ್ಲವೆಂದು ಗೊತ್ತು. ಉತ್ತರ ಹೇಳಬೇಕಾದವನು ನೆಲದ ಮೇಲೆ ಕುಳಿತಿರುತ್ತಾನೆ. ಪ್ರಶ್ನೆ ಕೇಳುವವನು ನಿಂತಿರುತ್ತಾನೆ. ಕಡುಗೆಂಪು ವಸ್ತ್ರವನ್ನು ಹೆಗಲಿಗೇರಿಸಿ, ಜಪಮಾಲೆಯನ್ನು ತೋಳಿಗೆ ಸರಿಸಿ, ಒಂದು ಕಾಲೆತ್ತಿ ನೆಲಕ್ಕೆ ಅಪ್ಪಳಿಸಿ, ಎರಡೂ ಅಂಗೈಗಳನ್ನು ಚಟ್ಟನೆ ಬಡಿದು ಪ್ರಶ್ನೆ ಎಸೆಯುತ್ತಾನೆ. ಕುಳಿತವನು ತಡವರಿಸಿದರೆ ಸುತ್ತಲಿನವರು ಕೂಗಿ ಎಚ್ಚರಿಸುತ್ತಾರೆ. ಅಲ್ಲಿ ಪ್ರಶ್ನೆ ಕೇಳುವುದು ಅವಿಧೇಯತೆಯಲ್ಲ. ಪ್ರಶ್ನೆಯೇ ವಿದ್ಯೆಯ ದಾರಿ. ನಮ್ಮ ಎಷ್ಟೋ ಶಾಲೆಗಳಲ್ಲಿ ಎದ್ದುನಿಂತ ಮಗು ಉತ್ತರ ಒಪ್ಪಿಸಿ ಕುಳಿತುಕೊಳ್ಳುತ್ತದೆ; ಪ್ರಶ್ನೆ ಕೇಳಲೆಂದು ಎದ್ದು ನಿಲ್ಲುವ ಮಗು ಅಪರೂಪ. ಆಕಾಶದ ಬಗ್ಗೆ ಮಕ್ಕಳಿಗೆ ಕಲಿಸುವ ಮುನ್ನ ಈ ರೂಢಿ ಬದಲಾಗಬೇಕು.

ಪೊಟಾಲಾದ ಹುಡುಗ ಕಂಡದ್ದನ್ನು ನಮ್ಮ ಮಕ್ಕಳೂ ಕಾಣಬಹುದು. ದಾಂಡೇಲಿಯಲ್ಲಿ ಮಂಗಟ್ಟೆ ಹಕ್ಕಿ ನೋಡಲು ಬಳಸುವ ಸಾಧಾರಣ ಬೈನಾಕ್ಯುಲರ್ ಸಾಕು. ಹುಣ್ಣಿಮೆಯ ದಿನ ನೋಡಿದರೆ ಪ್ರಯೋಜನವಿಲ್ಲ. ಬಿಸಿಲು ನೇರ ಬೀಳುವುದರಿಂದ ಚಂದ್ರ ನೆರಳಿಲ್ಲದೆ ಚಪ್ಪಟೆಯಾಗಿ ಕಾಣುತ್ತಾನೆ. ಶುಕ್ಲ ಪಕ್ಷದ ಸಪ್ತಮಿ, ಅಷ್ಟಮಿಯ ಸಂಜೆ ನೋಡಬೇಕು. ಬೈನಾಕ್ಯುಲರನ್ನು ಗೋಡೆಗೋ ಕಂಬಕ್ಕೋ ಒತ್ತಿ ಹಿಡಿದು, ಬೆಳಕೂ ಕತ್ತಲೂ ಕೂಡುವ ಗೆರೆಯನ್ನು ಗಮನಿಸಬೇಕು. ಆ ಗೆರೆ ನೂಲು ಹಿಡಿದಂತೆ ನೇರವಿಲ್ಲ, ಅಲ್ಲಲ್ಲಿ ಮುರಿದಿದೆ. ಗುಳಿಗಳ ಒಂದು ಅಂಚು ಹೊಳೆಯುತ್ತದೆ, ಒಳಗೆ ಕಪ್ಪು ತುಂಬಿದೆ. ಅಲ್ಲಿ ಈಗಷ್ಟೇ ಬೆಳಗಾಗುತ್ತಿದೆ. 1609ರಲ್ಲಿ ಇಟಲಿಯ ಗೆಲಿಲಿಯೋ ಕಂಡದ್ದು ಇದೇ ನೆರಳು. ನೆರಳಿನ ಭಾಗದಲ್ಲಿ ಹೊಳೆಯುವ ಶಿಖರಗಳು ಆ ಗೆರೆಯಿಂದ ಎಷ್ಟು ದೂರವಿವೆಯೆಂದು ಅಳೆದು ಆತ ಚಂದ್ರನ ಬೆಟ್ಟಗಳ ಎತ್ತರವನ್ನು ಲೆಕ್ಕ ಹಾಕಿದ. ಆಕಾಶಕಾಯಗಳೆಲ್ಲ ನಯವಾದ ದಿವ್ಯಗೋಲಗಳೆಂಬ ಯುರೋಪಿನ ನಂಬಿಕೆ ಅಲ್ಲಿಂದ ಸಡಿಲವಾಯಿತು. ಇಟಲಿಯಲ್ಲಾಗಲಿ ಲ್ಹಾಸಾದಲ್ಲಾಗಲಿ ನೆರಳು ಹೇಳಿದ್ದು ಒಂದೇ ಸತ್ಯ.

ನೆರಳು ಒಮ್ಮೆ ನಮ್ಮ ಮನೆಬಾಗಿಲಿಗೇ ಬಂದಿತ್ತು. 1980ರ ಫೆಬ್ರುವರಿ 16ರ ಮಧ್ಯಾಹ್ನ ಖಗ್ರಾಸ ಸೂರ್ಯಗ್ರಹಣ. ಚಂದ್ರನ ನೆರಳು ಅರಬ್ಬಿ ಸಮುದ್ರ ದಾಟಿ ಕಾರವಾರ-ಅಂಕೋಲಾ ಕರಾವಳಿಯಲ್ಲಿ ನೆಲ ಮುಟ್ಟಿ, ಘಟ್ಟವೇರಿ ನಮ್ಮ ತಾಲ್ಲೂಕುಗಳನ್ನು ಹಾದು, ಹುಬ್ಬಳ್ಳಿ, ರಾಯಚೂರು ಸೀಮೆಗಳ ಮೇಲೆ ಪೂರ್ವಕ್ಕೆ ಸಾಗಿತು. ಭಾರತೀಯ ಖಭೌತ ಸಂಸ್ಥೆಯ ವಿಜ್ಞಾನಿಗಳು ಹುಬ್ಬಳ್ಳಿ ಬಳಿಯ ಹೊಸೂರಿನಲ್ಲಿ, ರಾಯಚೂರು ಸೀಮೆಯ ಜವಳಗೇರಾದಲ್ಲಿ ಉಪಕರಣ ಹೂಡಿ ಕಾದಿದ್ದರು. ಹಗಲಿನ ನಡುವೆ ಎರಡು ನಿಮಿಷಕ್ಕೂ ಮಿಕ್ಕಿ ಸೂರ್ಯ ಪೂರ್ಣ ಮರೆಯಾದ. ಆಗ ಮಾತ್ರ ಕಾಣುವ ಕರೋನಾ, ಸೂರ್ಯನ ಹೊರ ವಾತಾವರಣದ ಬಿಳಿ ಪ್ರಭೆ, ಕಪ್ಪು ಬಿಂಬದ ಸುತ್ತ ಹರಡಿತು. ಒಂದೇ ಊರಿಗೆ ಇಂಥ ಗ್ರಹಣ ಮತ್ತೆ ಬರಲು ಸರಾಸರಿ ಮೂರೂವರೆ ಶತಮಾನಕ್ಕೂ ಹೆಚ್ಚು ಕಾಲ ಬೇಕು. ಆದರೆ ಆ ದಿನ ದೇಶದ ಉದ್ದಗಲಕ್ಕೂ ಬೀದಿಗಳು ಬಿಕೋ ಎನ್ನುತ್ತಿದ್ದವು. ಬಾಗಿಲು ಹಾಕಿ, ಕಿಟಕಿಗೆ ಬಟ್ಟೆ ಕಟ್ಟಿ, ಉಪ್ಪಿನಕಾಯಿ ಭರಣಿಗೆ ದರ್ಭೆ ಇಟ್ಟು, ಬಸುರಿಯರನ್ನು ಕತ್ತಲೆ ಕೋಣೆಯಲ್ಲಿ ಕೂರಿಸಿ ಜನ ಒಳಗೆ ಕಾದರು.

ಇಲ್ಲಿ ನಾವು ನಿಂತು ಯೋಚಿಸಬೇಕು. ಅದೇ ಮನೆಯ ಗೋಡೆಗೆ ತೂಗುಹಾಕಿದ ಪಂಚಾಂಗದಲ್ಲಿ ಸ್ಪರ್ಶ, ಮಧ್ಯ, ಮೋಕ್ಷಗಳ ಹೊತ್ತು ಗಳಿಗೆ ತಪ್ಪದಂತೆ ಅಚ್ಚಾಗಿರುತ್ತದೆ. ಆ ಹೊತ್ತನ್ನು ರಾಹುವನ್ನು ಕೇಳಿ ಯಾರೂ ಬರೆದದ್ದಲ್ಲ. ಗ್ರಹಣವೆಂದರೆ ನೆರಳೆಂದು ಆರ್ಯಭಟ 499ರಲ್ಲಿಯೇ ಬರೆದಿಟ್ಟಿದ್ದ. ಭೂಮಿ ತನ್ನ ಸುತ್ತ ತಾನೇ ತಿರುಗುತ್ತದೆಂದೂ ಹೇಳಿದ್ದ. ಬ್ರಹ್ಮಗುಪ್ತನಂಥ ದೊಡ್ಡ ಗಣಿತಜ್ಞ ಆ ಮಾತನ್ನು ಖಂಡಿಸಿದ. ಆದರೂ ಎರಡು ವಾದಗಳೂ ಉಳಿದು, ಲೆಕ್ಕಾಚಾರ ಮುಂದುವರಿಯಿತು. ನೆರಳಿನ ಗಣಿತ ನಮ್ಮದೇ ಸೊತ್ತು. ಗಣಿತವನ್ನು ಗೋಡೆಗೆ ತೂಗುಹಾಕಿ ಭಯವನ್ನು ಮಕ್ಕಳ ಎದೆಗೆ ಹಾಕಿದೆವು.

ಎಚ್ಚರಿಕೆ ಬೇರೆ, ಭಯ ಬೇರೆ. ಸೂರ್ಯನನ್ನು ಬರಿಗಣ್ಣಿಂದ ನೋಡಿದರೆ ಗ್ರಹಣವಿರಲಿ ಇಲ್ಲದಿರಲಿ ಕಣ್ಣು ಕೆಡುತ್ತದೆ. ಎಕ್ಸ್-ರೇ ಫಿಲ್ಮು, ಮಸಿ ಹಿಡಿದ ಗಾಜು, ತಂಪು ಕನ್ನಡಕ ಯಾವುದೂ ಕಾಪಾಡದು. ಅದಕ್ಕೆಂದೇ ತಯಾರಿಸಿದ ಗ್ರಹಣ ಕನ್ನಡಕ ಬೇಕು. ಅದೂ ಸಿಗದಿದ್ದರೆ ಸೂರ್ಯನಿಗೆ ಬೆನ್ನು ಹಾಕಿ ಹಲಸಿನ ಮರದ ಕೆಳಗೆ ನೆಲ ನೋಡಿದರಾಯಿತು. ಎಲೆಗಳ ಸಂದಿಯಿಂದ ತೂರಿ ಬರುವ ಬಿಸಿಲಿನ ಚುಕ್ಕೆಗಳು ಎಂದಿನಂತೆ ದುಂಡಗಿರುವುದಿಲ್ಲ. ಸೂರ್ಯನ ಬಿಂಬ ಕರಗುತ್ತ ಬಂದಂತೆ ಒಂದೊಂದು ಚುಕ್ಕೆಯೂ ಬಿದಿಗೆ ಚಂದ್ರನ ಆಕಾರ ತಾಳಿ, ಸಗಣಿ ಸಾರಿಸಿದ ಅಂಗಳದ ತುಂಬ ನೂರಾರು ಕುಡುಗೋಲುಗಳು ಹರಡಿರುತ್ತವೆ. ಪ್ರತಿಯೊಂದೂ ಸೂರ್ಯನದೇ ಚಿತ್ರ. ಮರವೇ ಅಲ್ಲಿ ಕ್ಯಾಮೆರಾ. 1980ರಲ್ಲಿ ನಮ್ಮ ಅಂಗಳಗಳಲ್ಲಿ ಈ ಚಿತ್ರ ಬಿದ್ದಿತ್ತು. ಬಾಗಿಲು ತೆರೆದು ನೋಡಿದವರು ಕಡಿಮೆ.

ಧೈರ್ಯವಾಗಿ ನೋಡಿದವರಿಗೆ ನೆರಳು ಏನು ಕೊಡುತ್ತದೆಂಬುದಕ್ಕೆ ಉತ್ತರ ಕರ್ನಾಟಕದಲ್ಲೇ ಸಾಕ್ಷಿಯಿದೆ. 1868ರ ಆಗಸ್ಟ್ 18ರ ಖಗ್ರಾಸ ಗ್ರಹಣವನ್ನು ನೋಡಲು ಲೆಫ್ಟಿನೆಂಟ್ ಜಾನ್ ಹರ್ಷೆಲ್ ಜಮಖಂಡಿಗೆ ಬಂದಿದ್ದ. ಯುರೇನಸ್ ಗ್ರಹವನ್ನು ಕಂಡುಹಿಡಿದ ವಿಲಿಯಂ ಹರ್ಷೆಲನ ಮೊಮ್ಮಗ ಅವನು. ಅದೇ ನೆರಳಿನಡಿ ಗುಂಟೂರಿನಲ್ಲಿ ಫ್ರಾನ್ಸಿನ ಜಾನ್ಸೆನ್ ಕಾದಿದ್ದ. ಸೂರ್ಯನ ಅಂಚಿನಿಂದ ಚಿಮ್ಮುವ ಜ್ವಾಲೆಗಳ ಬೆಳಕನ್ನು ಇಬ್ಬರೂ ಬಣ್ಣಗಳಾಗಿ ಒಡೆದು ನೋಡಿದರು. ಅವು ಬಿಸಿಯಾದ ಅನಿಲವೆಂದು ಸ್ಪಷ್ಟವಾಯಿತು. ಆ ವರ್ಷದ ಶೋಧಗಳ ಸರಣಿಯಲ್ಲೇ, ಭೂಮಿಯ ಮೇಲೆ ಅಲ್ಲಿಯವರೆಗೆ ಯಾರಿಗೂ ಗೊತ್ತಿಲ್ಲದ ಒಂದು ಮೂಲವಸ್ತುವಿನ ಹಳದಿ ಗೆರೆ ಸೂರ್ಯನ ಬೆಳಕಿನಲ್ಲಿ ಪತ್ತೆಯಾಯಿತು. ಅದೇ ಹೀಲಿಯಂ. ಭೂಮಿಯ ಮೇಲೆ ಅದು ಸಿಕ್ಕದ್ದು 1895ರಲ್ಲಿ.

ಮುಂದೆ ನಮ್ಮವರೇ ಚಂದ್ರನ ನೆರಳಿನ ಹತ್ತಿರ ಹೋದರು. 2008ರ ಅಕ್ಟೋಬರ್ 22ರಂದು ಹೊರಟ ಚಂದ್ರಯಾನ-1 ಕಳಿಸಿದ ಮಾಹಿತಿಯಿಂದ ಚಂದ್ರನಲ್ಲಿ ನೀರಿನ ಅಣುಗಳಿರುವುದು ಗೊತ್ತಾಯಿತು. ಬಿಸಿಲು ಎಂದೂ ತಲುಪದ ಧ್ರುವದ ಗುಳಿಗಳಲ್ಲಿ ಮಂಜುಗಡ್ಡೆ ಇರುವ ಕುರುಹನ್ನೂ ವಿಜ್ಞಾನಿಗಳು ಅದೇ ಮಾಹಿತಿಯಲ್ಲಿ ಓದಿದರು. 2019ರ ಸೆಪ್ಟೆಂಬರಿನಲ್ಲಿ ಚಂದ್ರಯಾನ-2ರ ಇಳಿನೌಕೆ ವಿಕ್ರಮ್ ಚಂದ್ರನ ಮೇಲೆ ಇಳಿಯುವಾಗ ಅಪ್ಪಳಿಸಿ ಒಡೆಯಿತು. ಇಸ್ರೋ ಅದನ್ನು ಮುಚ್ಚಿಡಲು ಕುಳಿತಿದ್ದರೆ ಮುಂದಿನ ಕಥೆಯೇ ಇರುತ್ತಿರಲಿಲ್ಲ. ಎಲ್ಲೆಲ್ಲಿ ಏನೇನು ಕೆಡಬಹುದೆಂದು ಪಟ್ಟಿ ಮಾಡಿದರು, ಕಾಲುಗಳನ್ನು ಗಟ್ಟಿ ಮಾಡಿದರು, ಇಂಧನ ಹೆಚ್ಚಿಸಿದರು, ಇಳಿಯುವ ಜಾಗವನ್ನು ಹತ್ತಾರು ಪಟ್ಟು ಹಿಗ್ಗಿಸಿದರು. 2023ರ ಆಗಸ್ಟ್ 23ರ ಸಂಜೆ 6 ಗಂಟೆ 4 ನಿಮಿಷಕ್ಕೆ ಚಂದ್ರಯಾನ-3 ದಕ್ಷಿಣ ಧ್ರುವದ ಸಮೀಪ ನೆಟ್ಟಗೆ ಇಳಿಯಿತು. ಅಂದು ನಮ್ಮ ಮಕ್ಕಳು ಚಪ್ಪಾಳೆ ತಟ್ಟಿದರು, ಸರಿ. ಆ ನಾಲ್ಕು ವರ್ಷ ತಪ್ಪನ್ನು ಹುಡುಕಿ ಹುಡುಕಿ ತಿದ್ದಿದವರ ತಾಳ್ಮೆಯ ಬಗ್ಗೆ ಹಿರಿಯರು ಅವರಿಗೆ ಹೇಳಬೇಕು. ಗೆಲುವಿಗಿಂತ ದೊಡ್ಡ ಪಾಠ ಅಲ್ಲಿದೆ.

ವಿಶ್ವದ ಅಳತೆ ಮನಸ್ಸಿಗೆ ತಾಕಬೇಕಾದರೆ ಕತ್ತಲೆ ಬೇಕು. ಆ ಸಂಪತ್ತು ಜೋಯಿಡಾದಲ್ಲಿದೆ. ಕಾಳಿ ಹುಲಿ ಸಂರಕ್ಷಿತ ಪ್ರದೇಶದ ಅಂಚಿನ ಹಳ್ಳಿಗಳಲ್ಲಿ ಮಳೆಗಾಲ ಕಳೆದು ಮೋಡ ಚದುರಿದ ಮೇಲೆ, ಅಮಾವಾಸ್ಯೆಯ ಆಸುಪಾಸಿನ ನವೆಂಬರ್ ರಾತ್ರಿಗಳಲ್ಲಿ, ನಗರದ ಮಕ್ಕಳು ಪುಸ್ತಕದಲ್ಲಷ್ಟೇ ಕಾಣುವುದನ್ನು ಕಣ್ಣಾರೆ ಕಾಣಬಹುದು. ನಮ್ಮ ಪುಸ್ತಕಗಳು ದೇವಯಾನಿ ಎಂದು ಕರೆಯುವ ಆಂಡ್ರೊಮೆಡಾ ಗೆಲಾಕ್ಸಿ ಅಲ್ಲಿ ಬರಿಗಣ್ಣಿಗೇ ಸಣ್ಣ ಮಸುಕು ಮಚ್ಚೆಯಾಗಿ ಕಾಣುತ್ತದೆ. ಬೆಳಕು ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರ್ ಓಡುತ್ತದೆ. ಸೂರ್ಯನಿಂದ ಇಲ್ಲಿಗೆ ಬರಲು ಅದಕ್ಕೆ ಎಂಟು ನಿಮಿಷ ಚಿಲ್ಲರೆ ಸಾಕು. ದೇವಯಾನಿಯಿಂದ ಹೊರಟ ಬೆಳಕು ಇಂದು ರಾತ್ರಿ ಆ ಮಗುವಿನ ಕಣ್ಣು ಮುಟ್ಟಲು 25 ಲಕ್ಷ ವರ್ಷ ಹಿಡಿದಿದೆ. ಅದು ಹೊರಟಾಗ ನಮ್ಮಂಥ ಮನುಷ್ಯರು ಭೂಮಿಯ ಮೇಲಿರಲಿಲ್ಲ. ಭೂಮಿಗೆ ಸುಮಾರು 454 ಕೋಟಿ ವರ್ಷ, ವಿಶ್ವಕ್ಕೆ ಸುಮಾರು 1380 ಕೋಟಿ ವರ್ಷ. ಇಷ್ಟು ದೊಡ್ಡ ಲೆಕ್ಕದ ಎದುರು ನಿಂತ ಮಗು ತಾನು ಕ್ಷುದ್ರವೆಂದು ಕುಗ್ಗಬೇಕಿಲ್ಲ. ಈ ಲೆಕ್ಕವನ್ನು ಕಂಡುಹಿಡಿದದ್ದೂ ಅದರಂತೆಯೇ ಅಂಗಳದಲ್ಲಿ ನಿಂತು ಮೇಲೆ ನೋಡಿದ ಮಕ್ಕಳೇ.

ಕೆಳಗೆ ನೋಡಿದರೂ ವಿಶ್ವವೇ. ಹಳಿಯಾಳದ ಹಾದಿಯಲ್ಲಿ ಶಾಲೆಗೆ ನಡೆದು ಬರುವ ಮಗುವಿನ ಪಾದಕ್ಕೆ ಕೆಂಪು ಮಣ್ಣು ಹತ್ತಿರುತ್ತದೆ. ಮಣ್ಣು ಕೆಂಪಾಗಿರುವುದು ಕಬ್ಬಿಣದಿಂದ. ಆ ಪಾದದೊಳಗೆ ಹರಿಯುವ ನೆತ್ತರು ಕೆಂಪಾಗಿರುವುದೂ ಕಬ್ಬಿಣವಿರುವ ಹಿಮೋಗ್ಲೋಬಿನ್‌ನಿಂದ. ಎರಡೂ ಕಬ್ಬಿಣ ತಯಾರಾದದ್ದು ಸೂರ್ಯ ಹುಟ್ಟುವ ಮೊದಲು ಉರಿದು ಸಿಡಿದುಹೋದ ನಕ್ಷತ್ರಗಳಲ್ಲಿ. ಈ ತಾಲ್ಲೂಕುಗಳಲ್ಲಿ ಕುಣಬಿಯರಿದ್ದಾರೆ, ಗೌಳಿಗರಿದ್ದಾರೆ, ಸಿದ್ದಿಗಳಿದ್ದಾರೆ, ಮರಾಠರು, ಹವ್ಯಕರು, ಮುಸ್ಲಿಮರು, ಕ್ರೈಸ್ತರು, ಟಿಬೆಟನ್ನರು ಇದ್ದಾರೆ. ಎಲ್ಲರ ನೆತ್ತರಿನ ಕಬ್ಬಿಣವೂ ನಕ್ಷತ್ರದ ಕುಲುಮೆಯಿಂದಲೇ ಬಂದದ್ದು.

ನಾನು ಹೇಳಬೇಕೆಂದಿದ್ದದ್ದು ಈ ಮಾತು. ಮೇರುವಿನ ನಕ್ಷೆ ಆಕಾಶಕ್ಕೆ ಮಾತ್ರ ಇಲ್ಲ. ಮನುಷ್ಯರ ಬಗ್ಗೆಯೂ ನಾವೊಂದು ಮೇರು ನಿಲ್ಲಿಸಿಕೊಂಡಿದ್ದೇವೆ. ನಡುವೆ ನಮ್ಮ ಮನೆ, ನಮ್ಮ ಜಾತಿ, ನಮ್ಮ ಭಾಷೆ. ಉಳಿದವರೆಲ್ಲ ಸುತ್ತಲಿನ ದ್ವೀಪಗಳು. ಶತಮಾನಗಳಿಂದ ಇಲ್ಲೇ ಬಾಳಿ, ಕನ್ನಡ ಕೊಂಕಣಿ ಮರಾಠಿ ಆಡುವ ಸಿದ್ದಿ ಹುಡುಗನನ್ನು ಬಸ್ಸಿನಲ್ಲಿ 'ನೀನು ಯಾವ ದೇಶದವ?' ಎಂದು ಕೇಳುವವರು ಇಂದಿಗೂ ಇದ್ದಾರೆ. ಕೇಳುವವರ ಪೂರ್ವಜರು ಎಲ್ಲಿಯವರು? ಜಗತ್ತಿನ ಎಲ್ಲ ಮನುಷ್ಯರ ಮೂಲ ಆಫ್ರಿಕಾ ಎಂದು ಇಂದಿನ ವಿಜ್ಞಾನ ಸಾರುತ್ತದೆ. ನಾವು ಹತ್ತಾರು ಸಾವಿರ ವರ್ಷಗಳ ಹಿಂದೆ ಅಲ್ಲಿಂದ ಹೊರಟವರು. ಸಿದ್ದಿಗಳ ಪೂರ್ವಜರು ಕೆಲವು ನೂರು ವರ್ಷಗಳ ಹಿಂದೆ ಬಂದರು. ಅವರಲ್ಲಿ ಅನೇಕರು ಗುಲಾಮರಾಗಿ ಎಳೆದು ತರಲ್ಪಟ್ಟವರು. ಇರುವ ವ್ಯತ್ಯಾಸ ಇಷ್ಟೇ. ಚಂದ್ರನ ಬಗ್ಗೆ ತನ್ನ ಶಾಸ್ತ್ರ ಹೇಳಿದ್ದನ್ನು ತಿದ್ದಿಕೊಂಡ ಮನಸ್ಸು, ಪಕ್ಕದ ಮನೆಯವರ ಬಗ್ಗೆ ತನ್ನ ಓಣಿ ಹೇಳಿದ್ದನ್ನೂ ತಿದ್ದಿಕೊಳ್ಳಬಲ್ಲದು. ಹಾಗೆ ತಿದ್ದಿಕೊಳ್ಳದಿದ್ದರೆ ನಾವು ಚಂದ್ರನ ಮೇಲೆ ಎಷ್ಟು ಸಲ ಇಳಿದರೂ ವಿಶ್ವದ ಅರಿವು ನಮಗೆ ಬಂದಂತಾಗಲಿಲ್ಲ.

ಹಿರಿಯರು ಮಾಡಬೇಕಾದ ಕೆಲಸ ದುಬಾರಿಯದ್ದಲ್ಲ. ಚಳಿಗಾಲದ ರಾತ್ರಿ ಅಂಗಳದ ಬಲ್ಬು ಆರಿಸಿ ಮಕ್ಕಳನ್ನು ಹೊರಗೆ ಕರೆಯಿರಿ. ಚಂದ್ರಗ್ರಹಣವಾದಾಗ ಭೂಮಿಯ ನೆರಳಿನ ದುಂಡು ಅಂಚನ್ನು ತೋರಿಸಿ. ಭೂಮಿ ಗೋಲವೆಂಬುದಕ್ಕೆ ಅದಕ್ಕಿಂತ ಸರಳ ಪುರಾವೆ ಬೇಡ. 2031ರ ಮೇ 21ರಂದು ಕೇರಳ, ತಮಿಳುನಾಡುಗಳ ಮೇಲೆ ಕಂಕಣ ಸೂರ್ಯಗ್ರಹಣ ಹಾದುಹೋಗುವಾಗ ನಮ್ಮ ಜಿಲ್ಲೆಯಲ್ಲೂ ಸೂರ್ಯ ಭಾಗಶಃ ಮರೆಯಾಗುತ್ತಾನೆ. ಆ ದಿನ ಶಾಲೆಗಳು ಗ್ರಹಣ ಕನ್ನಡಕ ತರಿಸಿ ಮಕ್ಕಳನ್ನು ಮೈದಾನಕ್ಕೆ ಕರೆತರಲಿ, ಪಂಚಾಂಗದ ಹೊತ್ತಿಗೂ ಕಣ್ಣಿಗೆ ಕಂಡ ಹೊತ್ತಿಗೂ ತಾಳೆ ನೋಡಿಸಲಿ. ಮಗು ಕೇಳಿದ ಪ್ರಶ್ನೆಗೆ ಉತ್ತರ ಗೊತ್ತಿಲ್ಲದಿದ್ದರೆ 'ನನಗೂ ಗೊತ್ತಿಲ್ಲ ಮಗಾ, ಹುಡುಕೋಣ ಬಾ' ಎನ್ನಲು ನಾಚಿಕೆ ಬೇಡ. ನಾವು ಮಕ್ಕಳಿಗೆ ಕೊಡುವ ವಿಶ್ವದ ಚಿತ್ರ ಇಂದಿನ ವಿಜ್ಞಾನದ್ದೇ ಆದರೂ ನಾಳೆ ಅದನ್ನೂ ತಿದ್ದಬೇಕಾದೀತು. ಚಿತ್ರದ ಜೊತೆಗೆ ತಿದ್ದುವ ಹಕ್ಕನ್ನೂ ಅವರ ಕೈಗಿಡುವುದು ನಮ್ಮ ಹೊಣೆ.